ಸರ್ವರ್ ಎದ್ದ ಮೇಲೆ

ಚೆನ್ನೈನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಕುಳಿತು ಮುಂಬೈಯ ಸರ್ವರ್ ಒಂದನ್ನು ರೀಬೂಟ್ ಮಾಡಿ ಕಾಯುತ್ತಿದ್ದೆ. ಅದಕ್ಕೆ ಹೊಸ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನೇ, ಹಾಕಿದ್ದೆ. ಅದು ಹೊಂದದಿದ್ದರೆ ಸರ್ವರ್ ಏಳುವುದೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಲಾಗಿನ್ ಆಗಲು ಹೋದರೆ ಸಂಪರ್ಕವೇ ಸಿಗಲಿಲ್ಲ. ಇನ್ನೊಮ್ಮೆ ನೋಡಿದೆ, ಊಹೂಂ. ಎಲ್ಲ ಕೆಡಿಸಿಬಿಟ್ಟೆ ಎಂದು ಗಾಬರಿಯಾಗಿ ಪಕ್ಕದ ಸೀಟಿನ ವಾಸಂತಿಯನ್ನು ಕರೆದೆ. ಅವಳು ತನ್ನ ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ನನ್ನ ಮುಖ ನೋಡದೆ ಹೇಳಿದಳು:

“ಸರ್ವರ್ ಚೆನ್ನಾಗೇ ಎದ್ದಿದೆ ಅಕ್ಕಾ. ನಿಮ್ಮ ಲಾಗಿನ್ ಮಾತ್ರ ತೆಗೆದುಬಿಟ್ಟಿದಾರೆ.”

ಅಷ್ಟರಲ್ಲಿ ಮ್ಯಾನೇಜರ್ ಕರೆಸಿದರು. ನನ್ನನ್ನು ಅಂದಿನಿಂದಲೇ ಕೆಲಸದಿಂದ ತೆಗೆದಿದ್ದರು. ಬೆಳಿಗ್ಗೆಯೇ ಹೇಳಬಹುದಿತ್ತಲ್ಲ ಎಂದೆ.

“ಅಪ್‌ಗ್ರೇಡ್ ಮುಗೀಲಿ ಅಂತ ವೆಯ್ಟ್ ಮಾಡಿದ್ವಿ ಮೇಡಂ” ಎಂದು ತಮಿಳಿನಲ್ಲಿ ಬಹಳ ನಯವಾಗಿ ಹೇಳಿ, ನನ್ನ ಕೊರಳಲ್ಲಿದ್ದ ಐಡಿ ಕಾರ್ಡಿಗೆ ಕೈ ಚಾಚಿದರು.

ಆ ಸರ್ವರ್‌ನಲ್ಲಿ ಹಳೆಯ ಕರ್ನಲ್ ಇನ್ನೂ ಇದೆ. ಹೊಸದು ಕೈಕೊಟ್ಟರೆ ಬೇಕಾಗುತ್ತದೆ ಎಂದು ನಾನೇ ಅಳಿಸದೆ ಬಿಟ್ಟಿದ್ದೆ. ಹಳೆಯದನ್ನು ಅವಸರದಲ್ಲಿ ತೆಗೆಯಬೇಡಿ ಎಂದು ನಮಗೆಲ್ಲ ಕಲಿಸಿದ್ದು ಅದೇ ಮ್ಯಾನೇಜರ್.