ಗೇಟಿನ ಕಟ್ಟೆಯ ಪ್ರಿನ್ಸಿಪಾಲರು

ಪ್ರಿನ್ಸಿಪಾಲ್ ಎಂಬ ಬೋರ್ಡು ಕಂಡರೆ ನನ್ನ ಕೈ ಈಗಲೂ ತಾನಾಗಿ ಅಂಗಿಯ ಮೇಲುಗುಂಡಿಗೆ ಹೋಗುತ್ತದೆ. ತಲೆ ನರೆತರೂ ಭಯ ನರೆತಿಲ್ಲ. ಮಗಳೂ ಈ ವಿಷಯದಲ್ಲಿ ನನ್ನನ್ನೇ ಹೋಲುತ್ತಾಳೆಂದು ತಿಳಿದದ್ದು ನನಗೆ ಮೈಸೂರಿನಿಂದ ಮದರಾಸಿಗೆ ವರ್ಗವಾದಾಗ. ಅವಳನ್ನು ಕ್ರೋಂಪೇಟೆಯ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದೆವು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ ಅಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲ. ಹೀಗೇ ಆದರೆ ಮೈಸೂರಿಗೆ, ಅಜ್ಜಿಯ ಹತ್ತಿರ ಕಳಿಸಿಬಿಡೋಣ ಎಂದು ಹೆಂಡತಿ ಪಟ್ಟು ಹಿಡಿದಳು. ಮಗಳಿಲ್ಲದ ಮನೆಯನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಶಾಲೆಯ ಪ್ರಿನ್ಸಿಪಾಲರು ತಲೆಮಾರುಗಳಿಂದ ಮದರಾಸಿನಲ್ಲೇ ಬೇರುಬಿಟ್ಟ ಕನ್ನಡದ ವೈಷ್ಣವ ಮನೆಯವರು. ಆ ವರ್ಷ ಸಿಂಗಾಪುರದಲ್ಲಿ ನಾನಾ ದೇಶದ ಪ್ರಿನ್ಸಿಪಾಲರ ಸಭೆಗೆ ಹೋಗಿಬಂದು, ಪೋಷಕರಾದ ನಮಗೆಲ್ಲ ಅದರ ಕಥೆ ಹೇಳಿದರು. ನಿಮ್ಮ ಕೆಲಸ ಏನೆಂದುಕೊಂಡಿದ್ದೀರಿ ಎಂದು ಅಲ್ಲಿ ಒಬ್ಬೊಬ್ಬರನ್ನೂ ಕೇಳಿದರಂತೆ. ಇಂಗ್ಲೆಂಡಿನಾಕೆ, ಲೆಕ್ಕಪತ್ರದಿಂದ ಸೋರುವ ಮಾಳಿಗೆಯವರೆಗೆ ಎಲ್ಲಕ್ಕೂ ನಾನೇ ಮ್ಯಾನೇಜರು ಅಂದರಂತೆ. ಫಿನ್ಲೆಂಡಿನವರು, ನಾನು ಮೊದಲು ಮೇಷ್ಟ್ರು, ಈಗಲೂ ಗಣಿತ ಬಿಟ್ಟಿಲ್ಲ ಅಂದರಂತೆ. ಜಪಾನಿನವರಿಗೆ ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳಿಗೆ ಬಗ್ಗಿ ನಮಸ್ಕರಿಸುವುದೇ ದೊಡ್ಡ ಕೆಲಸವಂತೆ. ನಮ್ಮವರ ಸರದಿ ಬಂದಾಗ ಬಾಯಿ ಒಣಗಿ, ಶಿಸ್ತು ಗಿಸ್ತು ಎಂದು ಏನೋ ತೊದಲಿ ಕೂತುಬಿಟ್ಟರಂತೆ. ಪ್ರಿನ್ಸಿಪಾಲರಿಗೂ ಬಾಯಿ ಒಣಗುತ್ತದೆಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಪಾಪ, ಅವರಾದರೂ ಏನು ಹೇಳಿಯಾರು? ಗುರುವನ್ನು ಬ್ರಹ್ಮ, ವಿಷ್ಣು, ಮಹೇಶ್ವರನೆಂದು ಹೊಗಳಿದ ನಮ್ಮ ಹಿರಿಯರು, ಆ ಮೂವರಲ್ಲಿ ಗೇಟಿನಲ್ಲಿ ನಿಲ್ಲುವವರು ಯಾರೆಂದು ಹೇಳಿಲ್ಲ.

ಮುಂದಿನ ವಾರ ಹೆಂಡತಿ ತವರಿಗೆ ಹೋದಳು, ಮಗಳನ್ನು ಕರೆತರುವ ಪಾಳಿ ನನ್ನದಾಯಿತು. ಅಂಬತ್ತೂರಿನ ಫ್ಯಾಕ್ಟರಿಯಿಂದ ಬೇಗನೆ ಹೊರಟರೂ ತಾಂಬರಂ ಟ್ರೈನು ನಡುದಾರಿಯಲ್ಲಿ ಕೆಟ್ಟು ನಿಂತಿತು. ಕೈಯಲ್ಲಿ ಮೊಬೈಲ್ ಇಲ್ಲದ ಕಾಲ. ಬೆವರು ಒರೆಸುತ್ತಾ ಓಡಿ ಬಂದರೆ ಶಾಲೆ ಖಾಲಿ. ಗೇಟಿನ ಕಟ್ಟೆಯ ಮೇಲೆ ಪ್ರಿನ್ಸಿಪಾಲರು ಚಪ್ಪಲಿ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಕೊನೆಯ ಮಗು ಹೋಗುವ ತನಕ ಅವರು ಮನೆಗೆ ಹೋಗುವುದಿಲ್ಲವೆಂದೂ, ಕಾಯುವ ಹೊತ್ತಿನಲ್ಲಿ ಬಿಡಿ ಮೊಗ್ಗು ಕೊಂಡು ಮನೆಯ ದೇವರಿಗೆ ಕಟ್ಟುತ್ತಾರೆಂದೂ ನನಗೆ ಗೊತ್ತಾದದ್ದು ಆಮೇಲೆ. ಪಕ್ಕದಲ್ಲಿ ನನ್ನ ಮಗಳು ಮೊಗ್ಗುಗಳನ್ನು ಜೋಡಿ ಜೋಡಿಯಾಗಿ ಎತ್ತಿಕೊಡುತ್ತಾ, ಮೈಸೂರಿನ ಅಜ್ಜಿ ಇದಕ್ಕಿಂತ ಒತ್ತಾಗಿ ಕಟ್ಟುತ್ತಾಳೆಂದು ಪ್ರಿನ್ಸಿಪಾಲರಿಗೇ ಪಾಠ ಮಾಡುತ್ತಿದ್ದಳು.

ನನ್ನ ಕೈ ಮೇಲುಗುಂಡಿಗೆ ಹೋಯಿತು. ತಡವಾಯಿತೆಂದು ಹೇಳಲು ಬಾಯಿ ತೆರೆದೆ.

“ಕೊಂಜ ಇರಿ ಸಾರ್. ಕೊಳಂದೆ ಈಗ ತಾನೇ ಬಾಯಿ ಬಿಟ್ಟಿದೆ, ಮುಗಿಸಲಿ,” ಅಂದರು ಅವರು, ಮಗುವನ್ನು ಕೊಳಂದೆ ಅನ್ನುವ ತಮ್ಮ ಅರ್ಧ ತಮಿಳಿನ ಕನ್ನಡದಲ್ಲಿ.

ನಾನೂ ಕಟ್ಟೆಯ ಮೇಲೆ ಕೂತೆ. ಕಣ್ಣು ತುಂಬಿ ಬಂತು. ಸಿಂಗಾಪುರದಲ್ಲಿ ಅವರಿಗೆ ಹೊಳೆಯದ ಉತ್ತರ ಇಲ್ಲಿ ಅವರ ಮಡಿಲಲ್ಲೇ ಮೊಳದುದ್ದಕ್ಕೆ ಬೆಳೆದಿತ್ತು.

ಹೊರಡುವಾಗ ದೇವರ ಪಾಲಿನಿಂದ ಗೇಣುದ್ದ ಕತ್ತರಿಸಿ ಮಗಳಿಗೆ ಮುಡಿಸಿದರು. ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದವಳು ಮನೆ ಹತ್ತಿರವಾದಾಗ ನನ್ನ ಕೈ ಜಗ್ಗಿದಳು.

“ಅಪ್ಪ, ನಾಳೇನೂ ನಿನ್ನ ಟ್ರೈನು ಕೆಟ್ಟೋಗ್ಲಿ.”

ತಾಂಬರಂ ಕಡೆಯ ಸಮಸ್ತ ಪ್ರಯಾಣಿಕರ ಕ್ಷಮೆ ಕೋರಿ, ಮನಸ್ಸಿನಲ್ಲೇ ತಥಾಸ್ತು ಅಂದೆ.