ವಸುಧಾ ಮೇಡಂ ಅವರ ಹಳದಿ ಅಲಸಂದೆ

ವಸುಧಾ ಮೇಡಂ, ನಿಮ್ಮ ಹಳದಿ ಅಲಸಂದೆಗೆ ಯೂರಿಯಾ ಹಾಕಿದವನು ನಾನೇ. ತಪ್ಪು ನಿಮ್ಮದಲ್ಲ, ಮರಳಿನದೂ ಅಲ್ಲ — ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಕನ್ನಡದ ಉತ್ತರಪತ್ರಿಕೆ ತಿದ್ದಿದ ನನ್ನದು.

ತಮ್ಮನ ಮದುವೆಗೆಂದು ಕೊಪ್ಪದಿಂದ ಬಾಳೆಹೊನ್ನೂರಿಗೆ ಹೊರಟಾಗ ಕಾಲೇಜಿನ ಹಿಂದೆ ಪ್ರಯೋಗಕ್ಕೆಂದು ಬರೀ ಮರಳಿನಲ್ಲಿ ಅಲಸಂದೆ ಬಿತ್ತಿದ್ದ ಎರಡು ಸಾಲು ಕುಂಡಗಳನ್ನು ನೀವು ನನಗೆ ಒಪ್ಪಿಸಿದಿರಿ. ಒಂದು ಸಾಲಿಗೆ ಮಾಮೂಲಿ ಬ್ಯಾಕ್ಟೀರಿಯಾ. ಇನ್ನೊಂದಕ್ಕೆ, ಒಂದೇ ಒಂದು ಪ್ರೋಟೀನ್ ತಯಾರಿಸಲಾಗದಂತೆ ನಿಮ್ಮ ಗುರುಗಳು ಮಾಡಿಕೊಟ್ಟ ಬ್ಯಾಕ್ಟೀರಿಯಾ. ಆ ಪ್ರೋಟೀನ್ ಬೇರಿನೊಳಗೆ ಹೋಗಿ ಗಿಡದ ಮನವೊಲಿಸಿದರೆ ಮಾತ್ರ ಬೇರಿನಲ್ಲಿ ಗಂಟು ಕಟ್ಟುತ್ತದೆ, ಆ ಗಂಟಿನಲ್ಲಿ ಕೂತ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣ್ಣಿಸುತ್ತದೆ — ನೀವೇ ವಿವರಿಸಿದ್ದಿರಿ. ಮರಳಿನಲ್ಲಿ ಬೇರೆ ಸಾರಜನಕ ಇರಲೇಬಾರದು ಎಂದೂ ಹೇಳಿದ್ದಿರಿ.

“ಮೇಷ್ಟ್ರೇ, ನೀರು ಬಿಟ್ಟು ಎಂತದೂ ಹಾಕ್ಬೇಡಿ ಮಾರಾಯ್ರೆ!”

ಆದರೆ ನಾನು ಮುತ್ತಿನಕೊಪ್ಪದ ಗದ್ದೆಯಲ್ಲಿ ಬೆಳೆದವನು. ಗಿಡ ಹಳದಿಯಾದರೆ ನನಗೆ ಊಟ ಸೇರುವುದಿಲ್ಲ. ನೀವು ಹೋದ ಮೇಲೆ ಆ ಎರಡನೇ ಸಾಲು ಹಳದಿಯಾಗುತ್ತಾ ಬಂತು. ಮನೆಯ ಮಲ್ಲಿಗೆಗೆ ತಂದಿಟ್ಟ ಯೂರಿಯಾದಲ್ಲಿ — ಅದೂ ಸಾರಜನಕದ ಗೊಬ್ಬರವೇ — ಒಂದೊಂದು ಚಿಟಿಕೆ ಹಾಕಿದೆ, ಹಳದಿ ಸಾಲಿಗೆ ಮಾತ್ರ. ಪಾಪ, ಎಂದುಕೊಂಡೆ, ಅಷ್ಟೇ.

ನೀವು ಬಂದು ನೋಡಿದರೆ ಎರಡೂ ಸಾಲು ಹಸಿರು! “ಆ ಪ್ರೋಟೀನ್ ಇಲ್ದೇನೂ ನಡೀತದೆ ಮೇಷ್ಟ್ರೇ!” ಎಂದು ಕುಣಿದಾಡಿಬಿಟ್ಟಿರಿ. ಎಲ್ಲರಿಗೂ ಪೇಡೆ ಹಂಚಿದಿರಿ. ನಾನು ಎರಡು ತಿಂದೆ — ರುಚಿಯಾಗಿಯೇ ಇತ್ತು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮರುದಿನ ವಿದ್ಯಾರ್ಥಿಗಳೆದುರು ಆ ಸಾಲಿನ ಗಿಡ ಕಿತ್ತು ಬೇರು ತೊಳೆದಿರಿ. ಒಂದು ಗಂಟೂ ಇರಲಿಲ್ಲ. ಹಾಗಾದರೆ ಹಸಿರು ಬಂದದ್ದೆಲ್ಲಿಂದ? ನೀವು ಬೇರನ್ನು ಮತ್ತೊಮ್ಮೆ ತೊಳೆದು ನೋಡಿ, “ನಾನೇ ಮರಳು ಸರಿಯಾಗಿ ತೊಳೀಲಿಲ್ಲ ಕಾಣ್ತದೆ” ಎಂದು ನಕ್ಕಿರಿ. ಆಗಲೇ ಹೇಳಬೇಕಿತ್ತು. ಬದಲಿಗೆ ಬೇರು ತೊಳೆದ ನೀರು ಚೆಲ್ಲಲು ಹೊರಟೆ.

ಅಲ್ಲಿಂದೀಚೆಗೆ ನೀವು ಪ್ರಯೋಗದ ತಂಟೆಗೇ ಹೋಗಲಿಲ್ಲ. ಯಾರಾದರೂ ಕೇಳಿದರೆ, “ನನ್ನ ಕೈ ಅದಕ್ಕೆ ಸರಿಯಿಲ್ಲ ಬಿಡಿ” ಅನ್ನುತ್ತೀರಿ. ಪ್ರತಿಸಲ ಆ ಮಾತು ಕೇಳಿ ನಾಚಿಕೆಯಿಂದ ಕುಗ್ಗಿದ್ದೇನೆ, ಆದರೂ — ಆದರೂ ಬಾಯಿ ಬಿಡಲಿಲ್ಲ.

ನಿಮ್ಮ ಕೈ ಸರಿಯಾಗಿಯೇ ಇತ್ತು ಮೇಡಂ. ನಾಳೆ ಇದನ್ನೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳುತ್ತೇನೆ, ಪೇಡೆಯೂ ನನ್ನದೇ. ಬೈದು ಮುಗಿದ ಮೇಲೆ ದಯವಿಟ್ಟು ಮತ್ತೆ ಅಲಸಂದೆ ಬಿತ್ತಿ. ಮರಳು ನಾನು ತೊಳೆದುಕೊಡುತ್ತೇನೆ, ಕುಂಡ ಹೊರುತ್ತೇನೆ. ನೀರು ಹಾಕಲು ಮಾತ್ರ ಬೇರೆ ಯಾರಿಗಾದರೂ ಹೇಳಿ. ಹಳದಿ ಗಿಡದ ಹತ್ತಿರ ನನ್ನನ್ನು ಈಗಲೂ ನಂಬುವ ಹಾಗಿಲ್ಲ.