ಮಚ್ಚೆ ತೆಗೆದ ತಪ್ಪಿಗೆ ಒಂದು ಕರಾರುಪತ್ರ

ನವನಗರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ ಮುಂಜಿವೆಗಳಿಗೆ ನಾನು ಹೋಗುವುದಿಲ್ಲ. ಜನ ತಾವಾಗಿ ಬಂದು, ಕೂತು ತೆಗೆಸಿಕೊಳ್ಳುವ ಮುಖದ ಚಿತ್ರ, ಮನೆಮಂದಿಯ ಚಿತ್ರ, ಇಷ್ಟೇ ನನ್ನ ಕಸುಬು. ಹನ್ನೊಂದು ವರ್ಷ ಇದನ್ನು ಒಂದು ಹಾಳೆ ಕರಾರಿಲ್ಲದೆ ನಡೆಸಿದೆ. "ಆತ್ರಿ, ಮಾಡೂಣು" ಅಂದರೆ ಕರಾರು, "ಛಲೋ ಬಂದೈತ್ರಿ" ಅಂದರೆ ರಸೀದಿ. ಈ ವ್ಯವಸ್ಥೆ ಮುರಿದುಬಿದ್ದದ್ದು ಒಂದು ಮಚ್ಚೆಯಿಂದ.

ಆ ಮಚ್ಚೆ ಇದ್ದದ್ದು ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಿಂದ ನಿವೃತ್ತರಾದ ಹೆಡ್‌ಮಿಸ್ಟ್ರೆಸ್ ಒಬ್ಬರ ಎಡಗಲ್ಲದ ಮೇಲೆ. ಅವರನ್ನು ಎಲ್ಲರೂ ಅಕ್ಕೋರು ಅಂತಲೇ ಕರೆಯುತ್ತಿದ್ದರು. ಹಳೆಯ ವಿದ್ಯಾರ್ಥಿನಿಯರು ಅವರಿಗೊಂದು ಸತ್ಕಾರ ಇಟ್ಟುಕೊಂಡಿದ್ದರು, ಆಮಂತ್ರಣ ಪತ್ರಿಕೆಗೆ ಫೋಟೋ ಬೇಕಿತ್ತು. ಅಕ್ಕೋರು ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಹೇಗೆ ಕೂರಬೇಕೆಂದು ನಾನು ಹೇಳುವ ಮೊದಲೇ, "ಬೆನ್ನ ಬಾಗಿಸಬ್ಯಾಡ, ಸರಿಯಾಗಿ ನಿಂದ್ರು" ಎಂದು ನನಗೇ ಹೇಳಿದರು.

ಚಿತ್ರ ಚೆನ್ನಾಗಿಯೇ ಬಂತು. ಆದರೆ ಕಂಪ್ಯೂಟರ್ ಮುಂದೆ ಕೂತಾಗ ನನ್ನ ಕೈ ಸುಮ್ಮನಿರಲಿಲ್ಲ. ಕಣ್ಣಿನ ಕೆಳಗಿನ ಗೆರೆ ಒಂದಿಷ್ಟು ಅಳಿಸಿದೆ. ಅದೇ ಭರದಲ್ಲಿ ಮಚ್ಚೆಯನ್ನೂ ಒರೆಸಿಬಿಟ್ಟೆ. ಹತ್ತು ವರ್ಷ ಚಿಕ್ಕವರಾಗಿ ಕಂಡರು. ಉಪಕಾರ ಮಾಡಿದೆ ಎಂದುಕೊಂಡೆ.

ವಾರದ ನಂತರ ಅಕ್ಕೋರು ಅಚ್ಚಾದ ಪತ್ರಿಕೆ ಹಿಡಿದು ಬಂದರು.

"ಈಕಿ ಯಾರು?"

"ನೀವ್ರಿ ಅಕ್ಕೋರ."

"ನಾ ಅಲ್ಲ. ಈಕಿನ್ನ ನೋಡಿ ಯಾವ ಹುಡುಗೀನೂ ಮಗ್ಗಿ ಒಪ್ಪಿಸೂದಿಲ್ಲ. ಮಚ್ಚಿ ಎಲ್ಲಿ ಹೋತು?"

ಚೆಂದ ಕಾಣಲಿ ಎಂದು ತೆಗೆದೆ ಅಂದೆ.

"ಮಚ್ಚಿ ಯಾರದು?"

"ನಿಮ್ಮದ್ರಿ."

"ತಗಿಯೂಕಿಂತ ಮೊದಲ ನನ್ನ ಕೇಳಿದೇನು? ನಮ್ಮಿಬ್ಬರ ನಡುವ ಏನ್ ಕರಾರ ಆಗಿತ್ತು, ತೋರ್ಸು."

ತೋರಿಸಲು ಏನೂ ಇರಲಿಲ್ಲ. ಪತ್ರಿಕೆ ಅಷ್ಟರಲ್ಲಾಗಲೇ ಅರ್ಧ ಊರಿಗೆ ಹೋಗಿತ್ತು. ವಿದ್ಯಾರ್ಥಿನಿಯರು ಒಬ್ಬರಿಗೊಬ್ಬರು ಫೋನ್ ಮಾಡಿ, "ಸತ್ಕಾರ ಅಕ್ಕೋರದೋ, ಅವರ ತಂಗೀದೋ?" ಎಂದು ಕೇಳುತ್ತಿದ್ದರಂತೆ. ಅಕ್ಕೋರಿಗೆ ತಂಗಿಯೇ ಇಲ್ಲ. ನನ್ನ ಮುಖ ಸಣ್ಣದಾದದ್ದನ್ನು ನೋಡಿ ಅವರಿಗೇ ಕನಿಕರ ಬಂದಿರಬೇಕು. "ಅಳಬ್ಯಾಡ. ಒಂದು ಕಾಗದಾ ಬರಿ. ಏನ್ ಮಾಡ್ತೀ, ಏನ್ ಮಾಡೂದಿಲ್ಲ, ಎಲ್ಲಾ ಅದರಾಗಿರ್ಲಿ" ಎಂದು ಹೇಳಿ ಹೋದರು.

ಸ್ಟುಡಿಯೋದ ಮೇಲ್ಮನೆಯಲ್ಲಿ ಒಬ್ಬ ಕಾಕಾ ಇದ್ದಾರೆ, ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕರಾರು ಬರೆದುಕೊಡಿ ಎಂದು ಕೇಳಿದೆ. ಎಷ್ಟೋ ದಿನದಿಂದ ಇದಕ್ಕೇ ಕಾದಿದ್ದವರಂತೆ ಕನ್ನಡಕ ಹುಡುಕಿದರು. ಎರಡು ದಿನದಲ್ಲಿ ನಾಲ್ಕು ಪುಟ ಕೈಗೆ ಬಂತು. ಮೊದಲ ವಾಕ್ಯ ಇನ್ನೂ ನೆನಪಿದೆ: "ಸದರಿ ಸ್ಥಳದಲ್ಲಿ ಸದರಿ ಗಿರಾಕಿಗೆ ಒದಗಬಹುದಾದ ಗಾಯ, ಅಂಗಹಾನಿ, ಪ್ರಾಣಹಾನಿ, ಬೆಂಕಿ, ಭೂಕಂಪ ಇತ್ಯಾದಿಗಳಿಗೆ ಸದರಿ ಛಾಯಾಗ್ರಾಹಕಿಯು ಯಾವ ರೀತಿಯಿಂದಲೂ ಬಾಧ್ಯಳಲ್ಲ."

ಅದನ್ನು ಮೊದಲು ಓದಿದವರು ಬೈರಿದೇವರಕೊಪ್ಪದಿಂದ ಆರು ತಿಂಗಳ ಕೂಸಿನ ಫೋಟೋ ತೆಗೆಸಲು ಬಂದ ಗಂಡಹೆಂಡತಿ. ಜೊತೆಗೆ ಕೂಸಿನ ಅಜ್ಜಿಯೂ ಇದ್ದರು. ಗಂಡ ದೊಡ್ಡ ದನಿಯಲ್ಲಿ ಓದುತ್ತ ಅಂಗಹಾನಿ ದಾಟಿ ಪ್ರಾಣಹಾನಿಗೆ ಬರುವಷ್ಟರಲ್ಲಿ ಅಜ್ಜಿ ಕೂಸನ್ನು ಶಾಲಿನಲ್ಲಿ ಸುತ್ತಿಯಾಗಿತ್ತು.

"ಇಲ್ಲಿ ಫೋಟೋ ತಗೀತೀರೋ, ಆಪರೇಶನ್ ಮಾಡ್ತೀರೋ?" ಎಂದು ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಮೂವರೂ, ಕೂಸೂ ಹೊರಟುಹೋದರು.

ನಾಲ್ಕು ಪುಟ ಹಿಡಿದು ಅಕ್ಕೋರ ಮನೆಗೆ ಹೋದೆ. ಅವರು ಕೆಂಪು ಪೆನ್ನು ತೆಗೆದು ಉತ್ತರಪತ್ರಿಕೆ ತಿದ್ದಿದ ಹಾಗೆ ತಿದ್ದಿದರು. ಎಲ್ಲ ಸದರಿಗಳಿಗೂ ಸುತ್ತು ಬಿತ್ತು. ಕೊನೆಗೆ "ಬರದಾವರ್ನ ಭೆಟ್ಟಿ ಮಾಡಸು" ಅಂದರು. ಮರುದಿನ ಮಧ್ಯಾಹ್ನ ನನ್ನ ಸ್ಟುಡಿಯೋದಲ್ಲಿ, ಬಿಳಿ ಪರದೆಯ ಮುಂದೆ, ಇಬ್ಬರೂ ಎದುರುಬದರು ಕೂತರು. ನಾನು ಚಹಾ ಕೊಟ್ಟು ಮೂಲೆ ಹಿಡಿದೆ.

"ಕಾಯ್ದೆದ ಭಾಷಾ ಅಂದ್ರ ಹಿಂಗ ಇರ್ತೈತ್ರಿ" ಎಂದರು ಕಾಕಾ.

"ಇದನ್ನ ಯಾರು ಓದ್ತಾರ?" ಎಂದರು ಅಕ್ಕೋರು.

"ಜಗಳಾದ ಮ್ಯಾಲ ವಕೀಲರು ಓದ್ತಾರ."

"ಜಗಳ ಆಗಬಾರ್ದಂತ ಅಲ್ಲೇನ್ರಿ ಬರಿಯೂದು? ಅದಿರ್ಲಿ. ಗಿರಾಕಿ ವಾಯರಿಗೆ ಎಡವಿ ಬಿದ್ರ ಈಕಿ ಹೊಣಿ ಅಲ್ಲ ಅಂತ ಬರದೀರಿ. ವಾಯರ್ ಯಾರದು?"

"ಈಕೀದು."

"ಅಲ್ಲಿ ಹಾಸಿದಾವರು?"

"ಈಕಿನ."

"ಮತ್ತ?"

ಕಾಕಾ ಚಹಾ ಮುಗಿಸಿ ಕಪ್ಪು-ಬಸಿ ಕೆಳಗಿಟ್ಟರು. "ಖರೇ ಹೇಳಬೇಕಂದ್ರ ಕೋರ್ಟಿನ್ಯಾಗೂ ಅದು ನಿಲ್ಲೂದಿಲ್ಲ ಬಿಡ್ರಿ. ಸುಮ್ಮ ಹೆದರಸಾಕ ಬರದಿದ್ದೆ."

ಇಬ್ಬರೂ ಒಟ್ಟಿಗೆ ನನ್ನ ಕಾಲ ಬಳಿ ನೋಡಿದರು. ಲೈಟಿನ ವಾಯರು ಬಾಗಿಲಿನ ದಾರಿಗೆ ಅಡ್ಡ ಮಲಗಿತ್ತು. ಅವರ ಕಣ್ಣೆದುರೇ ನಾನು ಟೇಪು ತಂದು ಅದನ್ನು ಗೋಡೆಗುಂಟ ಅಂಟಿಸಿದೆ. ಹೊಣೆ ನನ್ನದೇ ಅಂದಮೇಲೆ ಅಂಗಡಿಗೊಂದು ವಿಮೆಯನ್ನೂ ಮಾಡಿಸು ಎಂದು ಕಾಕಾ ಹೇಳಿದರು. ಅದನ್ನೂ ಮಾಡಿಸಿದೆ.

ಕಾಕಾ ಎಲ್ಲದರಲ್ಲೂ ಸೋಲಲಿಲ್ಲ. ಫೋಟೋ ಹಾಳಾದರೆ ನನ್ನ ಹೊಣೆ ಎಲ್ಲಿಯ ತನಕ ಎಂದು ಬರೆಯಲೇಬೇಕೆಂದು ಪಟ್ಟು ಹಿಡಿದರು. "ಇಲ್ಲಂದ್ರ ನಾಳೆ ವರ ಒಪ್ಪಲಿಲ್ಲ ಅಂದ್ರೂ ನಿನ್ನ ಫೋಟೋನ ಕಾರಣ ಅಂತಾರ." ಇದಕ್ಕೆ ಅಕ್ಕೋರು ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ನಾಲ್ಕು ಪುಟ ಒಂದಾಯಿತು. ಕೇಳದೆ ಮುಖದಿಂದ ಏನೂ ತೆಗೆಯುವುದಿಲ್ಲ. ಒಪ್ಪಿಗೆ ಇಲ್ಲದೆ ನಿಮ್ಮ ಚಿತ್ರ ಗಾಜಿನ ಕಪಾಟಿಗೂ ಹೋಗುವುದಿಲ್ಲ, ಮೊಬೈಲಿಗೂ ಹೋಗುವುದಿಲ್ಲ. ನನ್ನ ಸಾಮಾನಿನಿಂದ ಪೆಟ್ಟಾದರೆ ಹೊಣೆ ನನ್ನದು. ಚಿತ್ರ ಹಾಳಾದರೆ ಮತ್ತೊಮ್ಮೆ ತೆಗೆದುಕೊಡುತ್ತೇನೆ, ಇಲ್ಲವೇ ಕೊಟ್ಟ ಹಣ ವಾಪಸ್. ಅದರಾಚೆ ಏನೂ ಇಲ್ಲ. ಒಂದೇ ಒಂದು ಸದರಿ ಉಳಿಯಿತು. ಕಾಕಾನ ಮನಸ್ಸು ನೋಯಬಾರದೆಂದು ಅಕ್ಕೋರೇ ಬಿಟ್ಟದ್ದು.

ಆ ಕಾಗದದ ಬೆಲೆ ನನಗೆ ತಿಳಿದದ್ದು ಅಮರಗೋಳದ ಮಾರ್ಕೆಟ್ ಯಾರ್ಡಿನ ಹತ್ತಿ ವ್ಯಾಪಾರಿಯೊಬ್ಬರು ಮನೆಮಂದಿಯನ್ನೆಲ್ಲ ಕರೆತಂದಾಗ. ಹದಿಮೂರು ಜನ. ಎಂಬತ್ತು ದಾಟಿದ ಅವರ ತಾಯಿ ನಡುವೆ ರೇಶಿಮೆ ಸೀರೆಯಲ್ಲಿ, ತುಟಿ ಬಿಗಿದುಕೊಂಡು ಕೂತಿದ್ದರು. ಏನು ಮಾಡಿದರೂ ಅವರು ನಗಲಿಲ್ಲ. ಎರಡು ತಾಸು ಹಿಡಿಯಿತು. ಅವರು ಹೋದ ಮೇಲೆ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಖಾಲಿ. ತೆಗೆದು ಮತ್ತೆ ಹಾಕಿದೆ, ಒರೆಸಿ ಹಾಕಿದೆ. ಕಾರ್ಡು ಸತ್ತಿತ್ತು.

ಮೊದಲಾಗಿದ್ದರೆ ನಾಲ್ಕು ದಿನ ಫೋನೆತ್ತದೆ ಇರುತ್ತಿದ್ದೆ, ಮನೆಯಲ್ಲಿ ಯಾರಿಗೋ ಜ್ವರ ಎನ್ನುತ್ತಿದ್ದೆ. ಈಗ ಸಹಿ ಮಾಡಿದ ಹಾಳೆ ಎದುರಿಗಿತ್ತು. ಅದನ್ನು ನೋಡಿಕೊಂಡೇ ವ್ಯಾಪಾರಿಗೆ ಫೋನ್ ಮಾಡಿದೆ.

"ನಿಮ್ಮ ಫೋಟೋ ಎಲ್ಲಾ ಹಾಳಾಗ್ಯಾವ್ರಿ. ತಪ್ಪು ನಂದು. ಕಾಗದದಾಗ ಬರದಂಗ ಮತ್ತ ತಗದಕೊಡ್ತೇನಿ, ಬ್ಯಾಡಂದ್ರ ರೊಕ್ಕಾ ವಾಪಸ್ ಕೊಡ್ತೇನಿ. ಯಾವುದಂತ ನೀವ ಹೇಳ್ರಿ."

"ಹದಿಮೂರೂ ಮಂದಿ ಮತ್ತ ತಯಾರಾಗಬೇಕ?" ಎಂದರು. "ತಡೀರಿ, ಅವ್ವನ್ನ ಕೇಳ್ತೇನಿ."

ಫೋನು ಬದಿಗಿಟ್ಟ ಸದ್ದಾಯಿತು. ದೂರದಿಂದ ಮುದುಕಿಯ ದನಿ ಸ್ಪಷ್ಟವಾಗಿ ಕೇಳಿಸಿತು. "ಛಲೋನ ಆತು. ಆ ಸೀರಿ ನನ್ನ ಮನಸಿಗೆ ಬಂದಿದ್ದಿಲ್ಲ. ಸೊಸಿ ಉಡಿಸಿದ್ಲು, ಸುಮ್ಮ ಉಟಗೊಂಡಿದ್ದೆ."

ಮುಂದಿನ ರವಿವಾರ ಎಲ್ಲರೂ ಬಂದರು. ಮುದುಕಿ ತಾವೇ ಆರಿಸಿದ ಹಸಿರು ಸೀರೆಯಲ್ಲಿದ್ದರು. ನಾನು ಈ ಸಲ ಎರಡು ಕಾರ್ಡು ಹಾಕಿದ್ದೆ. ಸೊಸೆ ಸೆರಗು ಸರಿಪಡಿಸಲು ಬಂದಾಗ ಅವರು ಕೈಯಿಂದಲೇ ದೂರ ಸರಿಸಿದರು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅದು ಇಡೀ ಮನೆಗೆ ಹಬ್ಬಿತು. ಅದೇ ಹೊತ್ತಿಗೆ ನಾನು ಒತ್ತಿದೆ.

"ಈ ಸಲ ಬಂತೇನು? ತೋರ್ಸು" ಎಂದರು ಮುದುಕಿ. ಕ್ಯಾಮೆರಾ ಅವರ ಮುಂದೆ ಹಿಡಿದೆ. ಪುಟ್ಟ ಪರದೆಯ ಮೇಲೆ ಕಣ್ಣಿಟ್ಟು ತಮ್ಮನ್ನು ತಾವು ಸಾವಕಾಶ ನೋಡಿಕೊಂಡರು. ಆಮೇಲೆ ಸುತ್ತಲಿನ ಹನ್ನೆರಡು ಮುಖಗಳ ಮೇಲೆ ಒಮ್ಮೆ ಕಣ್ಣಾಡಿಸಿ ಹೇಳಿದರು:

"ನಾ ಛಲೋ ಬಂದೇನಿ. ಬಾಕಿ ಮಂದೀನೂ ಅಡ್ಡಿಯಿಲ್ಲ."